ಇನ್ನೊಬ್ಬರ ಖರ್ಚು

ಅಬ್ಬಿಗೆರೆ, ಬೆಂಗಳೂರು
ಜೂನ್ ೨೦೧೯, ಸೋಮವಾರ

ಇನ್ನೊಬ್ಬರಿಗೆ,

ಹೀಗೆ ಕರೆಯುವುದು ನನಗೂ ಸರಿಯೆನಿಸುತ್ತಿಲ್ಲ. ಆದರೆ ನಮ್ಮ ಮನೆಯ ಲೆಕ್ಕದಲ್ಲಿ ನಿನಗಿರುವ ಹೆಸರು ಇದೊಂದೇ. ರೇಷನ್ ಕಾರ್ಡಿನಲ್ಲಿ ನೀನಿಲ್ಲ, ಗೋಡೆಯ ಮೇಲಿನ ಫೋಟೋಗಳಲ್ಲಿಲ್ಲ, ಮನೆಯವರ ಬಾಯಲ್ಲಂತೂ ಇಲ್ಲವೇ ಇಲ್ಲ. ಏಳು ತಿಂಗಳು ಹೊಟ್ಟೆಯಲ್ಲಿದ್ದು ಹೋದ ಮಗುವಿಗೆ ಪತ್ರ ಬರೆಯುವವಳಿಗೆ ತಲೆ ನೆಟ್ಟಗಿಲ್ಲ ಎಂದು ಯಾರಾದರೂ ಅಂದರೆ ಅಂದುಕೊಳ್ಳಲಿ. ನನ್ನ ತಲೆ ನೆಟ್ಟಗೇ ಇದೆ. ನೆಟ್ಟಗಿರುವುದೇ ಎರಡು ವರ್ಷದಿಂದ ನನಗೆ ತೊಂದರೆಯಾಗಿರುವುದು.

ನಾನು ನಿನ್ನ ಅಮ್ಮ, ಶಶಿರೇಖಾ. ಯಶವಂತಪುರದ ಒಬ್ಬ ಆಡಿಟರ ಕಚೇರಿಯಲ್ಲಿ ಕೆಲಸ. ಬೇರೆಯವರ ವ್ಯಾಪಾರದ ಖರ್ಚುಗಳನ್ನು ಯಾವುದು ಯಾವುದರ ಕೆಳಗೆ ಹೋಗಬೇಕೋ ಅದರ ಕೆಳಗೆ ಕೂರಿಸುವುದು ನನ್ನ ವೃತ್ತಿ. ಅದೇ ಚಾಳಿ ಮನೆಗೂ ಬಂತು. ಮದುವೆಯಾಗಿ ಬಂದ ಹೊಸತರಲ್ಲೇ ಮನೆಯ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಏರಿಸಿದೆ. ಕಚೇರಿಯ ತಂತ್ರಾಂಶ ದುಡ್ಡು ಕೊಟ್ಟು ಕೊಂಡದ್ದು, ಮನೆಗೆ ತರುವ ಹಾಗಿಲ್ಲ. ಹುಡುಕಿದಾಗ ಒಂದು ಪುಕ್ಕಟೆ ಸಿಕ್ಕಿತು. ಯಾವ್ಯಾವುದೋ ದೇಶದವರು ಬಿಡುವಿನಲ್ಲಿ ಕೂತು ಬರೆದು, ಯಾರು ಬೇಕಾದರೂ ಬಳಸಿ, ಬೇಕಾದರೆ ಬಿಚ್ಚಿ ತಿದ್ದಿಕೊಳ್ಳಿ ಎಂದು ಬಿಟ್ಟಿದ್ದು. ನಿನ್ನ ಅಪ್ಪ ಸುಬ್ರಮಣಿ ಅದನ್ನು ನೋಡಿ ನಕ್ಕಿದ್ದರು. "ಇರೋದು ಮೂರು ಜನ, ಅದರಲ್ಲಿ ಒಬ್ರು ಬಸ್ಸಲ್ಲೂ ಕೂರಲ್ಲ. ಇದಕ್ಯಾಕೆ ಶಶಿ ಕಂಪ್ಯೂಟರು?" ಎಂದಿದ್ದರು. ಬಸ್ಸಿನಲ್ಲಿ ಕೂರದವರು ನಿನ್ನ ಅಜ್ಜಿ ದ್ರೌಪದಮ್ಮ. ಅವರಿಗೆ ಮಂಡಿ ನೋವು.

ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ತಲೆಬರಹ ಮಾಡಿದೆ. 'ಅತ್ತೆ', 'ಸುಬ್ಬು', 'ನಾನು', ಎಲ್ಲರಿಗೂ ಸೇರಿದ್ದಕ್ಕೆ 'ಮನೆ'. ತಿಂಗಳಿಗೊಮ್ಮೆ ಬ್ಯಾಂಕಿನವರ ಪಟ್ಟಿಯನ್ನು ಇಳಿಸಿಕೊಂಡು ಇದಕ್ಕೆ ತುಂಬಿದರೆ ಆಯಿತು. ಆದರೆ ಬ್ಯಾಂಕಿನವರ ಬರವಣಿಗೆ ಗೊತ್ತಲ್ಲ, ಇಂಗ್ಲಿಷಿನ ದೊಡ್ಡಕ್ಷರ, ನಡುನಡುವೆ ಅಂಕಿ, ಅರ್ಧಕ್ಕೆ ನಿಂತ ಅಂಗಡಿ ಹೆಸರು. ಒಂದೊಂದನ್ನೂ ಕೈಯಾರೆ ತಿದ್ದುತ್ತಾ ಕೂತರೆ ಭಾನುವಾರ ಮುಗಿದುಹೋಗುತ್ತದೆ. ಅದಕ್ಕೆಂದೇ ಅದರೊಳಗೆ ನಿಯಮ ಬರೆಯುವ ಅನುಕೂಲವಿದೆ. ವಿವರದಲ್ಲಿ ಇಂಥ ಅಕ್ಷರಗಳು ಕಂಡರೆ ಇಂಥ ತಲೆಬರಹಕ್ಕೆ ಹಾಕು ಎಂದು ಒಮ್ಮೆ ಬರೆದಿಟ್ಟರೆ ಸಾಕು. ಮುಂದೆ ಬರುವುದನ್ನೆಲ್ಲ ಅದು ತಾನೇ ನೋಡಿಕೊಳ್ಳುತ್ತದೆ. ಹಳೆಯದಕ್ಕೂ ಹಚ್ಚು ಎಂದರೆ ವರ್ಷಗಟ್ಟಲೆಯ ಸಾಲುಗಳನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಬದಲಾಯಿಸಿಬಿಡುತ್ತದೆ.

ನಿಯಮಕ್ಕೆ ಕಣ್ಣಿದೆ, ಬುದ್ಧಿ ಇಲ್ಲ. ನನ್ನ ರವಿಕೆ ಹೊಲಿಯುವ ರಾಣಿಯ ಹೆಸರಿಗೆ ಒಂದು ನಿಯಮ ಬರೆದಿದ್ದೆ. ನಿನ್ನ ಅಪ್ಪ ಮಹಾರಾಣಿ ಎಂಬ ಅಂಗಡಿಯಲ್ಲಿ ಚಪ್ಪಲಿ ಕೊಂಡರು. ತಿಂಗಳ ಕೊನೆಗೆ ನೋಡಿದರೆ ಅವರ ಚಪ್ಪಲಿ ನನ್ನ ರವಿಕೆಯ ಲೆಕ್ಕದಲ್ಲಿತ್ತು. "ನನ್ನ ಕಾಲಿಗೂ ನೀನೇ ಹೊಲಿಸ್ಕೊಡು" ಎಂದು ವಾರವೆಲ್ಲ ಕಾಡಿದರು. ಆಗ ಈ ಮನೆಯಲ್ಲಿ ನಗು ಇತ್ತು. ಅದನ್ನು ನಿನಗೆ ಹೇಳಬೇಕೆನಿಸಿತು, ಹೇಳಿದೆ.

ನೋಟು ರದ್ದಾದ ಮರುವರ್ಷದ ಫೆಬ್ರವರಿಯಲ್ಲಿ ನೀನು ಇದ್ದೀಯೆಂದು ಗೊತ್ತಾಯಿತು. ಜಾಲಹಳ್ಳಿ ಕಡೆಯ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್, ಅದರ ಪಕ್ಕದಲ್ಲೇ ಸ್ಕ್ಯಾನಿಂಗ್, ಕೆಳಗಡೆ ಖುರ್ಷೀದ್ ಅವರ ಮೆಡಿಕಲ್ ಸ್ಟೋರ್. ಚಿಲ್ಲರೆಗೆ ಪರದಾಡಿ ಸುಸ್ತಾಗಿದ್ದ ಖುರ್ಷೀದ್ ಅವರೂ ಕಾರ್ಡು ಉಜ್ಜುವ ಯಂತ್ರ ಇಟ್ಟಿದ್ದರು. ಹಾಗಾಗಿ ನಿನ್ನದೆಲ್ಲವೂ ಬ್ಯಾಂಕಿನ ಪಟ್ಟಿಯಲ್ಲಿ ಬರತೊಡಗಿತು, ನನ್ನ ಕಬ್ಬಿಣದ ಮಾತ್ರೆಯಿಂದ ಹಿಡಿದು ನಿನ್ನ ಎದೆಬಡಿತ ಕೇಳಿಸಿದ ಸ್ಕ್ಯಾನ್‌ವರೆಗೆ.

ನಿನ್ನ ಅಜ್ಜಿಗೆ ಒಂದು ಕಟ್ಟುಪಾಡಿದೆ. ಅವರ ಕಡೆಯವರೆಲ್ಲರಿಗೂ ಇದೆ. ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನನ್ನೂ ತರಬಾರದು. ಬಟ್ಟೆ ಬೇಡ, ತೊಟ್ಟಿಲು ಬೇಡ, ಹೆಸರಂತೂ ಮನಸ್ಸಿನಲ್ಲೂ ಯೋಚಿಸಬಾರದು. "ಬರೋದು ಬರ್ಲಿ ಕಣವ್ವ, ಆಮ್ಯಾಕೆ ತಂದ್ರಾಯ್ತು. ಈಗ್ಲೇ ಎಸ್ರು ಗಿಸ್ರು ಅನ್ಬ್ಯಾಡ" ಎಂದು ಮೊದಲ ದಿನವೇ ಹೇಳಿದ್ದರು. ನಾನು ಒಪ್ಪಿದೆ. ಅವರ ಮಾತು ಮೀರುವ ಆಸೆ ನನಗೇನೂ ಇರಲಿಲ್ಲ. ಆದರೆ ತಂತ್ರಾಂಶ ಒಪ್ಪಬೇಕಲ್ಲ. ಹೊಸ ತಲೆಬರಹ ಬೇಕೆಂದರೆ ಹೆಸರು ಕೇಳುತ್ತದೆ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಅದರ ಮುಂದೆ ಸುಮಾರು ಹೊತ್ತು ಕೂತಿದ್ದೆ. 'ಮಗು' ಎಂದು ಬರೆಯಲು ಕೈ ಹೋಗಲಿಲ್ಲ. ಕೊನೆಗೆ 'ಇನ್ನೊಬ್ಬರು' ಎಂದು ಬರೆದೆ. ಮನೆಯಲ್ಲಿ ಮೂವರಿದ್ದೇವೆ, ಇನ್ನೊಬ್ಬರು ಬರುತ್ತಾರೆ, ಅಷ್ಟೇ. ನಿನ್ನ ಅಪ್ಪ ಅದನ್ನು ಓದಿ, "ಏನಿದು, ಯಾರೋ ಸಾಹೇಬ್ರು ಇನ್ಸ್‌ಪೆಕ್ಷನ್‌ಗೆ ಬರೋ ಥರ ಇದೆ" ಎಂದರು. ಅಂದಿನಿಂದ ಕೆಲವು ದಿನ ನನ್ನ ಹೊಟ್ಟೆಗೆ ಸೆಲ್ಯೂಟ್ ಹೊಡೆದೇ ಕೆಲಸಕ್ಕೆ ಹೊರಡುತ್ತಿದ್ದರು.

ಆಮೇಲೆ ನಿಯಮ ಬರೆದೆ. ವಿವರದಲ್ಲಿ ಕ್ಲಿನಿಕ್ ಎಂದಿದ್ದರೆ, ಸ್ಕ್ಯಾನ್ ಎಂದಿದ್ದರೆ, ಮೆಡಿಕಲ್ ಎಂದಿದ್ದರೆ, 'ಇನ್ನೊಬ್ಬರು'. ಇಷ್ಟು ಅಗಲವಾಗಿ ಬರೆಯಬಾರದು ಎಂದು ನಾನೇ ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುತ್ತೇನೆ. ಆದರೆ ಆಗ ಈ ಮನೆಯಲ್ಲಿ ಬೇರೆ ಯಾರೂ ಔಷಧಿ ಕೊಳ್ಳುತ್ತಿರಲಿಲ್ಲ. ನಿನ್ನ ಅಜ್ಜಿಯ ಬಿಪಿ ಮಾತ್ರೆಗಳು ಅಜ್ಜ ದುಡಿದ ಕಾರ್ಖಾನೆಯ ದವಾಖಾನೆಯಿಂದ ಪುಕ್ಕಟೆಯಾಗಿ ಬರುತ್ತಿದ್ದವು. ಮೆಡಿಕಲ್ ಅಂಗಡಿ ಅಂದರೆ ನೀನೇ ಆಗಿದ್ದೆ.

ಆಗಸ್ಟ್‌ನಲ್ಲಿ ನೀನು ಹೋದೆ. ಆ ದಿನವನ್ನು ನಾನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಅಲ್ಲಾಡುವುದು ನಿಂತಿತ್ತು, ಡಾಕ್ಟರು ಆಪರೇಷನ್ ಮಾಡಿದರು, ನಾನು ಮಂಪರಿನಿಂದ ಏಳುವ ಹೊತ್ತಿಗೆ ನಿನ್ನ ಅಪ್ಪ ಮತ್ತು ಅಜ್ಜಿ ನಿನ್ನನ್ನು ಕರೆದುಕೊಂಡು ಹೋಗಿ, ಕೆರೆಯ ಆಚೆ ಮಣ್ಣು ಮಾಡಿ, ಸ್ನಾನ ಮಾಡಿ ವಾಪಸು ಬಂದಿದ್ದರು. ಇಂಥದಕ್ಕೆ ಹೆಂಗಸರು ಹೋಗುವುದಿಲ್ಲ. ಆದರೂ ಅಜ್ಜಿ ಹೋಗಿದ್ದರಂತೆ. ನೀನು ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಆಸ್ಪತ್ರೆಯ ಕಾಗದಗಳನ್ನು ನಿನ್ನ ಅಪ್ಪ ಎಲ್ಲಿಟ್ಟರೋ ಗೊತ್ತಿಲ್ಲ, ಅದನ್ನೂ ಕೇಳಲಿಲ್ಲ. ಇಂಥ ಮಗುವಿಗೆ ತಿಥಿ ಇಲ್ಲ, ಎಡೆ ಇಲ್ಲ, ವರ್ಷದ ದಿನವೂ ಇಲ್ಲ. ಸೀಮಂತಕ್ಕೆಂದು ತಂದಿದ್ದ ಹಸಿರು ಸೀರೆ ನಾನು ಮನೆಗೆ ಬರುವಷ್ಟರಲ್ಲಿ ಬೀರುವಿನಿಂದ ಕಾಣೆಯಾಗಿತ್ತು.

ಎಲ್ಲರೂ ಅತ್ತುಬಿಡು ಎಂದರು. ಅಳು ಬರಲಿಲ್ಲ ಮರಿ. ಬರಬೇಕಿತ್ತೇನೋ, ಬರಲಿಲ್ಲ. ಹಲ್ಲು ಕೀಳಿಸುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆ ಕಡೆಯ ತುಟಿ ಯಾರದ್ದೋ ಎನ್ನುವ ಹಾಗಾಗುತ್ತದೆ. ನನಗೆ ಮೈಯೆಲ್ಲ ಹಾಗಾಗಿತ್ತು. ಊಟ ಮಾಡುತ್ತಿದ್ದೆ, ರುಚಿ ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದೆ. ರಜೆ ಮುಗಿದ ಮೇಲೆ ಕಚೇರಿಗೆ ಹೋದೆ. ಯಶವಂತಪುರದ ಮೇಲ್ಸೇತುವೆಯ ಹತ್ತಿರ ಬಸ್ಸು ಅರ್ಧ ಗಂಟೆ ನಿಂತರೂ ಬೇಸರವಾಗುತ್ತಿರಲಿಲ್ಲ. ನಿಂತಿದೆ ಅಂದರೆ ನಿಂತಿದೆ. ಮನೆಯಲ್ಲಿ ಮೂವರೂ ಒಬ್ಬರ ಜೊತೆ ಒಬ್ಬರು ತುಂಬ ಮರ್ಯಾದೆಯಿಂದ ನಡೆದುಕೊಳ್ಳತೊಡಗಿದೆವು. ಮರ್ಯಾದೆ ಜಾಸ್ತಿಯಾದರೆ ಮನೆ ಎಷ್ಟು ಸಪ್ಪಳವಿಲ್ಲದೆ ಇರುತ್ತದೆಂದು ಆಗ ತಿಳಿಯಿತು.

ಲೆಕ್ಕ ಮಾತ್ರ ಬಿಡಲಿಲ್ಲ. ತಿಂಗಳು ತಿಂಗಳು ಪಟ್ಟಿ ತುಂಬುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ನಿನ್ನ ತಲೆಬರಹದ ಮುಂದೆ ಸೊನ್ನೆ ಬಂತು. ಅಕ್ಟೋಬರ್‌ನಲ್ಲೂ ಸೊನ್ನೆ. ನವೆಂಬರ್‌ನಲ್ಲಿ ಮಾತ್ರ ನಿನ್ನದರಲ್ಲಿ ಖರ್ಚು ಕಾಣಿಸಿತು. ಏನೆಂದು ತೆರೆದು ನೋಡಿದೆ. ನಿನ್ನ ಅಜ್ಜಿಯ ಬಿಪಿ ಮಾತ್ರೆ. ಮಂಡಿ ನೋವು ಹೆಚ್ಚಾಗಿ, ಕಾರ್ಖಾನೆಯ ದವಾಖಾನೆಗೆ ಎರಡು ಬಸ್ಸು ಬದಲಿಸಿ ಹೋಗಲಾರೆ ಎಂದಿದ್ದರು. ಕಚೇರಿಯಿಂದ ಬರುತ್ತಾ ನಾನೇ ಖುರ್ಷೀದ್ ಅವರ ಅಂಗಡಿಯಲ್ಲಿ ತಂದಿದ್ದೆ. ನಿಯಮಕ್ಕೆ ನೀನು ಹೋದದ್ದು ಗೊತ್ತಿಲ್ಲ. ಮೆಡಿಕಲ್ ಎಂದು ಕಂಡಿತು, ನಿನಗೆ ಹಾಕಿತು.

ತಿದ್ದಬೇಕಿತ್ತು. ತಪ್ಪು ತಲೆಬರಹ ಕಂಡರೆ ನನಗೆ ಕೈ ತುರಿಸುತ್ತದೆ, ಗಿರಾಕಿಗಳಿಗೆ ನನ್ನ ಹೆಸರು ಕೇಳಿದರೆ ಭಯ. ಆದರೆ ಅವತ್ತು ಹಾಗೇ ಬಿಟ್ಟೆ. ಮುಂದಿನ ತಿಂಗಳೂ ಬಿಟ್ಟೆ. ಆಮೇಲಾಮೇಲೆ ಪಟ್ಟಿ ತುಂಬಿದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ನಿನ್ನದನ್ನೇ. ಅಪ್ಪನ ಸೊಂಟಕ್ಕೆ ಹಚ್ಚುವ ಮುಲಾಮು, ನನ್ನ ತಲೆನೋವಿನ ಗುಳಿಗೆ, ಅಜ್ಜಿಯ ಬಿಪಿ, ಎಲ್ಲವೂ ನಿನ್ನ ಹೆಸರಿನಲ್ಲಿ. ವರ್ಷದ ಕೊನೆಗೆ ಬಣ್ಣಬಣ್ಣದ ಚಕ್ರ ಬಿಡಿಸಿ ತೋರಿಸುತ್ತದೆ ಅದು, ಯಾರದ್ದು ಎಷ್ಟು ಎಂದು. ಅದರಲ್ಲಿ ನಿನಗೂ ಒಂದು ಹೋಳು ಇತ್ತು, ಹಳದಿ ಬಣ್ಣದ್ದು. ಮನೆಯಲ್ಲಿ ನಾಲ್ಕು ಜನ ಎಂದು ಒಪ್ಪಿಕೊಳ್ಳುತ್ತಿದ್ದದ್ದು ಅದೊಂದೇ ಚಿತ್ರ.

ಈ ಏಪ್ರಿಲ್‌ನಲ್ಲಿ ಮತ್ತೆ ಮುಟ್ಟು ನಿಂತಿತು. ಹೌದು, ನಿನಗೆ ತಮ್ಮನೋ ತಂಗಿಯೋ ಬರುವ ಹಾಗಿದೆ. ಅದೇ ಕ್ಲಿನಿಕ್, ಅದೇ ಡಾಕ್ಟರು. ಖುಷಿನಾ ಎಂದು ಕೇಳಿದರು. ಹೌದು ಡಾಕ್ಟರ್ ಎಂದೆ. ನಿಜ ಹೇಳಬೇಕೆಂದರೆ ಏನೂ ಅನ್ನಿಸಲಿಲ್ಲ. ಹೆದರಿಕೆಯೂ ಇರಲಿಲ್ಲ, ಅದೇ ನನಗೆ ವಿಚಿತ್ರ. ಅಪ್ಪ ಬೈಕನ್ನು ಮಾತ್ರ ಸೈಕಲ್ಲಿನ ಹಾಗೆ ಓಡಿಸಿಕೊಂಡು ಮನೆಗೆ ಕರೆತಂದರು. ಅಜ್ಜಿ ಸುದ್ದಿ ಕೇಳಿ ದೇವರ ಮುಂದೆ ಹೋಗಿ ನಿಂತು ಬಂದು, ಸಾರಿಗೆ ಒಗ್ಗರಣೆ ಹಾಕಿದರು.

ನಿನ್ನೆ ಭಾನುವಾರ ಬೆಳಗ್ಗೆ ಹೋದ ತಿಂಗಳ ಪಟ್ಟಿ ತುಂಬಿದೆ. ಹೊಸ ಮಗುವಿನ ಮೊದಲ ಸ್ಕ್ಯಾನ್ ಬಂದು 'ಇನ್ನೊಬ್ಬರು' ಎಂಬುದರ ಕೆಳಗೆ ಕೂತಿತ್ತು. ನಿನ್ನ ಕೊನೆಯ ಸ್ಕ್ಯಾನ್‌ನ ಕೆಳಗೆ, ನಡುವೆ ಅಜ್ಜಿಯ ಮಾತ್ರೆಗಳು, ಅದರ ಕೆಳಗೆ ಇದು. ಒಂದೇ ಮಗು, ಎರಡು ವರ್ಷದಿಂದ ಹೊಟ್ಟೆಯಲ್ಲೇ ಇರುವ ಹಾಗೆ. ಆಗ ನನಗೆ ಹೆದರಿಕೆಯಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಎದೆ ಬಡಿದುಕೊಂಡಿತು. ಇದು ಬೇರೆ, ನೀನು ಬೇರೆ. ನಿನ್ನ ಜಾಗದಲ್ಲಿ ಇದನ್ನು ಕೂರಿಸಬಾರದು, ಇದರ ಮೇಲೆ ನಿನ್ನ ನೆರಳೂ ಬೀಳಬಾರದು. ನಿನ್ನ ಅಪ್ಪನನ್ನು ಕರೆದೆ.

ಅವರು ನನ್ನ ಪಕ್ಕ ಕೂತು ಪರದೆಯನ್ನು ತುಂಬ ಹೊತ್ತು ನೋಡಿದರು. ಆ ತಲೆಬರಹ ಇನ್ನೂ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ, "ಒಂದ್ ಕೆಲ್ಸ ಮಾಡು. ಅಮ್ಮನ ಮಾತ್ರೆ ಎಲ್ಲ 'ಅತ್ತೆ'ಗೆ ಹಾಕು, ನಂದು ನಂಗೆ. ಉಳಿದಿದ್ದನ್ನ 'ಇತರೆ'ಗೆ ತಳ್ಳಿಬಿಡು. ಹೆಸರು ಖಾಲಿ ಆಗುತ್ತಲ್ಲ, ಹೊಸದಕ್ಕೆ ಇರ್ಲಿ" ಎಂದರು. ಲೆಕ್ಕದ ಪ್ರಕಾರ ಅದು ಸರಿ. ಕಚೇರಿಯಲ್ಲಿ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕೈಯಲ್ಲಿ ಒಂದೊಂದೇ ತಿದ್ದುವುದೂ ಬೇಡ. ಹುಡುಕಿ, ಎಲ್ಲಕ್ಕೂ ಗುರುತು ಹಾಕಿ, ಒಟ್ಟಿಗೆ ಬದಲಿಸು ಎಂದರೆ ಮುಗಿಯಿತು. ಆದರೆ ಅದನ್ನು ಒತ್ತಿದರೆ ನೀನು ಈ ಮನೆಯಲ್ಲಿ ಇದ್ದೆ ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಸ್ಟೌ ಬತ್ತಿ, ಗೇಟಿನ ಬೀಗ, ಯಾರದ್ದೋ ಮದುವೆಯ ಮುಯ್ಯಿ, ಇವುಗಳ ಮಧ್ಯೆ ನೀನೂ ಸೇರಿಹೋಗುತ್ತೀಯ. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳುವ ಅಭ್ಯಾಸ ತಪ್ಪಿಹೋಗಿತ್ತು. ಅವರು ಹೇಳಿದ ಹಾಗೆ ಹುಡುಕಾಟಕ್ಕೆ ಹಾಕಿದೆ. ಸಾಲುಗಳೆಲ್ಲ ಬಂದು ನಿಂತವು, ಎಲ್ಲದರ ಮುಂದೆ ಗುರುತು.

ಒತ್ತುವ ಮುಂಚೆ ಒಮ್ಮೆ ಮೇಲಿನಿಂದ ನೋಡೋಣವೆಂದರು. ನೋಡುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ಆಗಸ್ಟ್ ಕೊನೇದು. ಆಗ ಆಗ್ಲೇ... ಇದ್ಯಾವ್ದು ಶಶಿ?"

"ನೀವೇ ತಂದಿದ್ದು. ಡಿಸ್ಚಾರ್ಜ್ ದಿನ."

"ಚೀಟಿ ಕೊಟ್ರು, ತಂದೆ. ಯಾವ್ದಕ್ಕೆ ಅಂತ ಕೇಳ್ಲಿಲ್ಲ."

"ಹಾಲು ನಿಲ್ಸೋ ಮಾತ್ರೆ."

ಅವರು ಮೌಸನ್ನು ತಮ್ಮ ಕಡೆ ಎಳೆದುಕೊಂಡರು. ಆ ಸಾಲಿನ ಮುಂದಿದ್ದ ಗುರುತನ್ನು ತಾವೇ ತೆಗೆದು, "ಇದು ಇತರೆ ಅಲ್ಲ" ಎಂದರು. ಇಷ್ಟು ದಿನ ಅವರೂ ನನ್ನ ಹಾಗೇ ಮರಗಟ್ಟಿದ್ದರೇನೋ, ನಾನು ಅವರ ಕಡೆ ತಿರುಗಿ ನೋಡಿಯೇ ಇರಲಿಲ್ಲ.

ಅಜ್ಜಿ ನಡುಮನೆಯಲ್ಲೇ ನೆಲದ ಮೇಲೆ ಕಾಲು ಚಾಚಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. "ಏನದು, ಇಬ್ರೂ ಅಂಗ್ ಕುಂತಿದೀರ? ಬ್ಯಾಂಕ್ನಾಗೆ ಏನಾನ ಎಚ್ಚು ಕಮ್ಮಿ ಆಯ್ತಾ?" ಎಂದು ಕೇಳಿದರು. ಸುಮ್ಮನೆ ಏನಿಲ್ಲ ಎನ್ನಬಹುದಿತ್ತು. ಏನಿಲ್ಲ ಏನಿಲ್ಲ ಎಂದು ಎರಡು ವರ್ಷ ಕಳೆದಿದ್ದೆವಲ್ಲ, ಬಾಯಿಗೆ ಅದು ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಆವಾಗ ಹೊಟ್ಟೆಯಲ್ಲಿದ್ದ ಮಗುವಿಗೆಂದು ಲೆಕ್ಕದಲ್ಲಿ ಒಂದು ಜಾಗ ಮಾಡಿದ್ದೆ ಅತ್ತೆ, ಹೆಸರೇನೂ ಇಟ್ಟಿರಲಿಲ್ಲ, ಬೈಬೇಡಿ. ಆಮೇಲೆ ನಿಮ್ಮ ಬಿಪಿ ಮಾತ್ರೆ ತಂದಾಗಲೆಲ್ಲ ಅದು ತಪ್ಪಾಗಿ ಆ ಮಗುವಿನ ಖರ್ಚಿಗೆ ಹೋಗುತ್ತಿತ್ತು. ಈಗ ಅದನ್ನೆಲ್ಲ ತೆಗೆದು ನಿಮ್ಮ ಹೆಸರಿಗೆ ಹಾಕುತ್ತಿದ್ದೇವೆ ಎಂದೆ.

ಅವರ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಹುಟ್ಟುವ ಮುಂಚೆ ಲೆಕ್ಕ ಬರೆದದ್ದಕ್ಕೇ ಹೀಗಾಯಿತು ಎನ್ನುತ್ತಾರೆ ಎಂದುಕೊಂಡೆ. ಹಾಗೇನಾದರೂ ಅಂದಿದ್ದರೆ ಆ ಗುಂಡಿಯನ್ನು ಆಗಲೇ ಒತ್ತಿ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದೆ.

"ಎಲ್ಡು ವರ್ಸದಿಂದ್ಲೂ ಅದ್ರ ಲೆಕ್ಕದಾಗೇ ಬತ್ತಿತ್ತಾ?"

"ಹೂಂ ಅತ್ತೆ."

ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಸೆರಗಿನಿಂದ ಕೈ ಒರೆಸಿಕೊಂಡರು.

"ತಗೀಬ್ಯಾಡ ಬುಡವ್ವ. ಅಂಗೇ ಇರ್ಲಿ. ಮೊಮ್ಮಗ್ಳು ಅಜ್ಜಿಗೆ ಮಾತ್ರೆ ತಂದ್ಕೊಟ್ಟಂಗಾಯ್ತು."

ಮೊಮ್ಮಗಳು ಎಂದರು. ನನಗೆ ಗೊತ್ತಿಲ್ಲವೆಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನು ನಿನ್ನ ಅಪ್ಪನ ಮುಖ ನೋಡಿದೆ. ಅವರು ತಲೆಯಾಡಿಸಿದರು. ನನಗೆ ಅಳು ಬಂತು ಮಗಳೇ. ಎಲ್ಲಿತ್ತೋ ಅಷ್ಟೂ ಬಂತು. ಅಜ್ಜಿ ಎದ್ದು ಬರಲಾರದೆ ಕೂತಲ್ಲಿಂದಲೇ ಕೈ ಚಾಚಿದರು. ನಾನೇ ಹೋಗಿ ಅವರ ತೊಡೆಯ ಮೇಲೆ ತಲೆಯಿಟ್ಟೆ. "ಕೆಂಪುಗಿದ್ಲು ಕಣೆ. ಕೂದ್ಲು ವತ್ತಾಗಿತ್ತು. ಮೂಗು ನಿಂದೇ" ಎಂದು ಒಂದೊಂದಾಗಿ ಹೇಳಿದರು. ಆ ಹಸಿರು ಸೀರೆ ಎಲ್ಲಿ ಹೋಯಿತೆಂದೂ ತಿಳಿಯಿತು. ಅದರಲ್ಲೇ ಸುತ್ತಿ ನಿನ್ನನ್ನು ಕಳಿಸಿದ್ದಂತೆ. ಅದಕ್ಕೇ ಅವರು ಅವತ್ತು ಕಟ್ಟುಪಾಡು ಮುರಿದು ಮಣ್ಣಿನವರೆಗೂ ಬಂದದ್ದು, ಗಂಡಸರಿಗೆ ಸುತ್ತಲು ಬರುವುದಿಲ್ಲವೆಂದು.

ಸಂಜೆ ನಿಯಮವನ್ನು ಮತ್ತೆ ಬರೆದೆ. ಇನ್ನು ಮುಂದೆ ಕ್ಲಿನಿಕ್ ಮತ್ತು ಸ್ಕ್ಯಾನ್ ಹೊಸಬರಿಗೆ. ಅವರಿಗೆ 'ಮತ್ತೊಬ್ಬರು' ಎಂದಿಟ್ಟಿದ್ದೇನೆ, ಅಜ್ಜಿಯ ಒಪ್ಪಿಗೆ ಪಡೆದೇ. ಹೋದ ತಿಂಗಳ ಆ ಒಂದು ಸ್ಕ್ಯಾನನ್ನು ಕೈಯಾರೆ ಎತ್ತಿ ಅಲ್ಲಿಗೆ ಹಾಕಿದೆ. ಖುರ್ಷೀದ್ ಅವರ ಅಂಗಡಿ ನಿನಗೇ. ನನ್ನ ಕಬ್ಬಿಣದ ಮಾತ್ರೆಗಳನ್ನು ಬಸ್ ಸ್ಟಾಪಿನ ಹತ್ತಿರದ ಬೇರೆ ಅಂಗಡಿಯಲ್ಲಿ ತೆಗೆದುಕೊಳ್ಳುತ್ತೇನೆ, ನಿಮ್ಮಿಬ್ಬರಲ್ಲಿ ಜಗಳ ಬೇಡ. ಉಳಿಸು ಎಂದು ಒತ್ತಿದಾಗ, ಹಳೆಯ ಸಾಲುಗಳಿಗೂ ಈ ನಿಯಮವನ್ನು ಹಚ್ಚಬೇಕೇ ಎಂದು ಕೇಳಿತು. ಬೇಡ ಎಂದೆ.

ತಣ್ಣಗಿರು ಮಗಳೇ, ಎಲ್ಲಿದ್ದರೂ. ಅಜ್ಜಿಯ ಮಾತ್ರೆ ಗುರುವಾರಕ್ಕೆ ಮುಗಿಯುತ್ತದೆ. ತಂದುಕೊಡುವುದನ್ನು ಮರೆಯಬೇಡ.

ನಿನ್ನ ಅಮ್ಮ,
ಶಶಿರೇಖಾ